ತುಂಗಮ್ಮ ಆರಿಸಿದ ಮರಳು

"ಕಾಫಿಬೀಜ ಆರಿಸೋದು ಅಂದ್ರೆ ಒಳ್ಳೇ ಬೀಜ ನೋಡ್ತಾ ಕೂರೋದಲ್ಲ ಮಾರಾಯ್ತಿ. ಒಳ್ಳೇದನ್ನ ನೋಡ್ತಾ ಕೂತ್ರೆ ಸಾಯಂಕಾಲಕ್ಕೆ ಅರ್ಧ ಚೀಲಾನೂ ಆಗಲ್ಲ. ಕಣ್ಣನ್ನ ಸುಮ್ನೆ ಬೀಜದ ಮೇಲೆ ಹರಿಯೋಕೆ ಬಿಡ್ಬೇಕು. ಎಲ್ಲಿ ತಡೀತದೋ ಅಲ್ಲಿಗೆ ಕೈ ಹೋಗ್ತದೆ. ಕಪ್ಪು, ಒಡಕಲು, ಹುಳ ತಿಂದಿದ್ದು, ಕಲ್ಲು, ಸಿಪ್ಪೆ, ಏನಿದ್ರೂ ಬೆರಳು ಹಿಂದಕ್ಕೆ ಎಳ್ಕೊಂಡು ಪಕ್ಕದ ಡಬ್ಬಕ್ಕೆ ಹಾಕ್ತದೆ. ನಾನು ಹಾಕೋದಲ್ಲ, ಬೆರಳೇ ಹಾಕೋದು. ನಾನು ಆಗ ರಾತ್ರಿ ಸಾರಿಗೆ ಏನು ಮಾಡೋದು ಅಂತ ಯೋಚ್ನೆ ಮಾಡ್ತಿರ್ತೀನಿ. ನಂಗೆ ಹತ್ತೊಂಬತ್ತು ವರ್ಷ ಇದ್ದಾಗ ಕ್ಯೂರಿಂಗಲ್ಲಿ ಒಬ್ಳು ಮುದುಕಿ ಕಲಿಸಿಕೊಟ್ಟಿದ್ದು ಇದನ್ನ. ತೆಗೆದದ್ದರ ಮುಖ ಮತ್ತೆ ನೋಡ್ಬಾರ್ದು ಅಂತ ಹೇಳಿದ್ದೂ ಅವ್ಳೇ. ನೋಡಿದ್ರೆ, ಇದೇನು ಅಷ್ಟು ಕೆಟ್ಟಿಲ್ವಲ್ಲ ಅನ್ನಿಸ್ತದೆ. ವಾಪಸ್ ಹಾಕೋಣ ಅನ್ನಿಸ್ತದೆ. ಅಲ್ಲಿಗೆ ಕೈ ಕೆಟ್ಟುಹೋಯ್ತು ಅಂತಾನೇ ಲೆಕ್ಕ. ನಲವತ್ತೆಂಟು ವರ್ಷ ನಾನು ತೆಗೆದದ್ದರ ಮುಖ ನೋಡಿಲ್ಲ. ನಾನು ಆರಿಸಿದ ಒಂದೇ ಒಂದು ಚೀಲ ವಾಪಸ್ ಬಂದಿಲ್ಲ. ಹೋದ ವರ್ಷ ಏಪ್ರಿಲಲ್ಲಿ ಮಾತ್ರ..."

ಇಷ್ಟು ಹೇಳಿ ತುಂಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ನಗುತ್ತಾರೆ. ಈಗ ನಗುತ್ತಾರೆ. ಆ ಏಪ್ರಿಲಿನಲ್ಲಿ ನಕ್ಕಿರಲಿಲ್ಲ.

ಅವರಿಗೀಗ ಅರವತ್ತೆಂಟು. ಹುಟ್ಟಿದ್ದು ಕಳಸದ ಆಚೆ, ಓದಿದ್ದು ಮೂರನೇ ಕ್ಲಾಸು, ಮದುವೆಯಾಗಿ ಬಂದದ್ದು ವಸ್ತಾರೆಗೆ. ಗಂಡ ಮಲ್ಲಿಕಾರ್ಜುನ ಅವರಿಗೆ ಒಂದೂವರೆ ಎಕರೆ ಕಾಫಿ. ಅಷ್ಟರಲ್ಲಿ ಮನೆ ನಡೆಯುವುದು ಕಷ್ಟವೆಂದು ತುಂಗಮ್ಮ ಬೆಳಗಿನ ಬಸ್ಸು ಹಿಡಿದು ಕಾಫಿಯ ಸಿಪ್ಪೆ ತೆಗೆದು ಬೀಜ ಹದಮಾಡುವ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿಗೆ ಹೋಗತೊಡಗಿದರು. ಅಲ್ಲಿ ಉದ್ದನೆಯ ಹಾಲಿನಲ್ಲಿ ಸಾಲುಸಾಲಾಗಿ ಕೂತು ಇನ್ನೂರು ಮುನ್ನೂರು ಹೆಂಗಸರು ಬೀಜ ಆರಿಸುತ್ತಿದ್ದರು. ಸಂಜೆ ಮೇಸ್ತ್ರಿ ಬಂದು ಒಬ್ಬೊಬ್ಬರ ಚೀಲದಿಂದಲೂ ಒಂದು ಹಿಡಿ ಬೀಜ ತೆಗೆದು ಬಿಳಿ ಬಟ್ಟೆಯ ಮೇಲೆ ಹರಡುತ್ತಿದ್ದ. ಮೂರು ಕಪ್ಪು ಕಂಡರೆ ಇಡೀ ಚೀಲವನ್ನು ಮತ್ತೆ ಸುರಿದು ಆರಿಸಬೇಕು. ತುಂಗಮ್ಮನ ಚೀಲದ ಮುಂದೆ ಬಂದಾಗ ಬರಬರುತ್ತಾ ಅವನು ಬಟ್ಟೆ ಹರಡುವುದನ್ನೇ ಬಿಟ್ಟಿದ್ದ.

ಆಮೇಲೆ ಬಣ್ಣ ನೋಡಿ ಬೀಜ ಬೇರೆ ಮಾಡುವ ಮೆಷಿನ್ನು ಬಂತು. ಹಾಲು ಖಾಲಿಯಾಯಿತು. ವಸ್ತಾರೆಯಲ್ಲೇ ಸಣ್ಣಪುಟ್ಟ ಬೆಳೆಗಾರರಿಂದ ಕಾಫಿ ಕೊಂಡು ವ್ಯಾಪಾರ ಮಾಡುವ ಜಯದೇವಪ್ಪನವರು, ಒಳ್ಳೆಯ ಗಿರಾಕಿಗಳ ಬೀಜವನ್ನು ಇನ್ನೂ ಕೈಯಲ್ಲೇ ಆರಿಸಿ ಕಳಿಸುತ್ತಿದ್ದರು. ಅವರ ಶೆಡ್ಡಿನ ಮೇಜಿಗೆ ಕೊನೆಯಲ್ಲಿ ಉಳಿದವರು ಇಬ್ಬರೇ. ಒಬ್ಬರು ತುಂಗಮ್ಮ, ಇನ್ನೊಬ್ಬರು ಅವರಿಗಿಂತ ಆರು ವರ್ಷ ಚಿಕ್ಕವರಾದ ವಿಮಲಮ್ಮ. ಜಯದೇವಪ್ಪನವರೂ ಸಣ್ಣದೊಂದು ಮೆಷಿನ್ನಿನ ಮಾತಾಡುತ್ತಿದ್ದರು. ಮೆಷಿನ್ನು ಬಂದರೆ ಅದನ್ನು ಇಡಲು ಇದ್ದ ಜಾಗವೆಂದರೆ ಆ ಮೇಜಿನ ಜಾಗ.

ಏಪ್ರಿಲಿನಲ್ಲಿ ಆ ವರ್ಷದ ಕೊನೆಯ ಚೀಲ ಹೊಲಿದಾಗಿತ್ತು. ಅದೇ ವಾರ ಜಯದೇವಪ್ಪನವರ ಮಗಳು ಕೃತಿಕಾ ನಾಲ್ಕು ಸಣ್ಣ ಚೀಲ ಮರಳು ಹೇರಿಕೊಂಡು ಜೀಪಿನಲ್ಲಿ ಬಂದಿಳಿದಳು. ದೂರದ ಯೂನಿವರ್ಸಿಟಿಯೊಂದರಲ್ಲಿ ಅವಳದು ಸಂಶೋಧನೆ. ಕಲ್ಲಾಗಿಹೋದ ಹಳೆಯ ಮೂಳೆಗಳನ್ನು ಓದುವ ವಿದ್ಯೆ.

"ಇದೇನು ಮಾರಾಯ್ತಿ, ಕಾಫಿ ವ್ಯಾಪಾರಿ ಮನೆಗೆ ಮರಳು ಹೊತ್ಕೊಂಡು ಬಂದಿದ್ದೀಯ?" ಅಂದರು ಜಯದೇವಪ್ಪ.

"ಬರೀ ಮರಳಲ್ಲ ಅಪ್ಪ. ಗೋದಾವರಿ ಸೀಮೆ ಜೇಡಿಮಣ್ಣು ತೊಳೆದು ಸೋಸಿ ಉಳಿದದ್ದು. ಒಂದೊಂದು ಚೀಲ ಒಂದೊಂದು ಪದರದ್ದು. ಇದನ್ನ ಆರಿಸ್ಬೇಕು. ನಾನೊಬ್ಳೇ ಕೂತ್ರೆ ಆರು ತಿಂಗಳು ಹಿಡೀತದೆ. ನಮ್ಮ ತುಂಗಜ್ಜಿ ಇರೋವಾಗ ನಾನ್ಯಾಕೆ ಕಷ್ಟಪಡ್ಲಿ?"

ಹಾಗೆ ಅಂದವಳಿಗೆ ಮೈ ಕೆಂಡವಾಗಿತ್ತು. ಬಿಸಿಲಿನಲ್ಲಿ ತಿಂಗಳು ಅಲೆದು ಬಂದ ಜ್ವರ. ತಾಯಿ ವಿಶಾಲಾಕ್ಷಮ್ಮ ಕೈಹಿಡಿದು ಒಳಗೆ ಎಳೆಯುತ್ತಿದ್ದರೂ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದಳು: "ಮೊದಲನೇ ಚೀಲ ಶುರು ಮಾಡಿ ಅಜ್ಜಿ. ಮರಳು ಬಿಟ್ಟು ಬೇರೆ ಥರ ಏನು ಕಂಡ್ರೂ ತೆಗೀರಿ. ಕಪ್ಪು, ಕಂದು, ಹೊಳಪಿರೋದು, ಒಡಕು ಚೂರು, ಎಲ್ಲ."

ತುಂಗಮ್ಮ ತಲೆಯಾಡಿಸಿದರು. ಕಪ್ಪು ತೆಗೆ, ಒಡಕು ತೆಗೆ ಎಂದರೆ ಅವರಿಗೆ ಅದರಲ್ಲಿ ಕೇಳುವುದೇನಿತ್ತು?

ಒಂದು ಬಿಳಿ ಪಿಂಗಾಣಿ ತಟ್ಟೆ ತಂದು ಚಮಚದಷ್ಟು ಮರಳು ಹರಡಿಕೊಂಡರು. ಬೆರಳಿಗೆ ಸಿಗದ ಸಣ್ಣ ಕಣ. ಹಿಡಿಸೂಡಿ ಪೊರಕೆಯ ಒಂದು ಕಡ್ಡಿ ಮುರಿದು, ತುದಿಯನ್ನು ನೀರಿಗೆ ಅದ್ದಿ ಮುಟ್ಟಿದರೆ ಕಣ ಅಂಟಿಕೊಂಡು ಬರುತ್ತಿತ್ತು.

"ಕಾಫಿ ಮುಗೀತು, ಮರಳಿಗೆ ಬಂದ್ಯಾ?" ಎಂದರು ಎದುರು ಕೂತ ವಿಮಲಮ್ಮ. "ಇದೂ ಮುಗಿದ್ರೆ ನಾಳೆ ಗಾಳಿ ಆರಿಸೋಕೆ ಕೂರಿಸ್ತಾರೆ ನೋಡು."

"ಕೂರ್ಸಿದ್ರೆ ಕೂರೋದು. ನೀನು ಚೀಲ ಹಿಡ್ಕೊ."

ಮೂರು ದಿನ ಹೀಗೇ ನಡೆಯಿತು. ಎರಡನೆಯ ದಿನ ಮಧ್ಯಾಹ್ನ ಮಾತ್ರ ತುಂಗಮ್ಮ ತಮ್ಮ ನಿಯಮ ಒಂದು ಕ್ಷಣ ಮುರಿದರು. ಕಡ್ಡಿಗೆ ಅಂಟಿ ಬಂದ ಒಂದು ಚೂರು ಅಕ್ಕಿಕಾಳಿನಷ್ಟು ಉದ್ದವಿತ್ತು. ಕಪ್ಪುಗಂದು ಬಣ್ಣ. ಒಂದು ಅಂಚಿನಲ್ಲಿ ಸಾಲಾಗಿ ಪುಟ್ಟ ಮೊನೆಗಳು.

"ನೋಡೇ ವಿಮಲ, ಬಾಚಣಿಗೆ ತುಂಡು ಇದ್ದ ಹಾಗಿದೆ. ಇರುವೆಗೆ ತಲೆ ಬಾಚ್ಬೋದು."

"ಇರುವೆಗೆ ಕೂದ್ಲು ಎಲ್ಲಿ ಬರ್ಬೇಕು? ಹಾಕು ಡಬ್ಬಕ್ಕೆ."

ಹಾಕಿದರು. ಸಂಜೆ ಎಂದಿನಂತೆ ಶೆಡ್ಡು ಗುಡಿಸಿ, ಆರಿಸಿದ ಶುದ್ಧ ಮರಳನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ಡಬ್ಬದಲ್ಲಿದ್ದುದನ್ನು ಹಿತ್ತಲಿಗೆ ಒಯ್ದು ಗೊಬ್ಬರದ ಗುಂಡಿಗೆ ಸುರಿದರು. ಕಾಫಿಯ ಹೊಟ್ಟು, ಹುಳುಕು ಬೀಜ ಎಲ್ಲ ಹೋಗುತ್ತಿದ್ದದ್ದು ಅದೇ ಗುಂಡಿಗೆ. ಮೂರು ಸಂಜೆ ಮೂರು ಸಲ ಹೀಗೆ ಸುರಿದರು.

ನಾಲ್ಕನೆಯ ದಿನ ಜ್ವರ ಬಿಟ್ಟ ಕೃತಿಕಾ ಶಾಲು ಹೊದ್ದು ಶೆಡ್ಡಿಗೆ ಬಂದಳು. ಮೈಕ್ರೋಸ್ಕೋಪು ಮೇಜಿನ ತುದಿಗಿಟ್ಟು, ಡಬ್ಬ ಖಾಲಿ ಇದ್ದದ್ದು ಕಂಡು ಇವರಿಗೆ ಏನೂ ಸಿಕ್ಕಿಲ್ಲವೆಂದುಕೊಂಡು, ಖಾತ್ರಿಗೆಂದು ತುಂಗಮ್ಮ ಕಟ್ಟಿಟ್ಟಿದ್ದ ಚೀಲದಿಂದ ಮರಳು ತೆಗೆದು ನೋಡಿದಳು. ಒಂದು ತಟ್ಟೆ ನೋಡಿದಳು, ಎರಡು ನೋಡಿದಳು, ಆರು ನೋಡಿದಳು.

"ಒಂದೂ ಇಲ್ವಲ್ಲ ಅಜ್ಜಿ."

"ಹೆಂಗಿರ್ತದೆ ಪುಟ್ಟಿ? ಕೈ ಯಾರದು?" ಎಂದು ತುಂಗಮ್ಮ ಹಿಗ್ಗಿದರು. ಬಿಳಿ ಬಟ್ಟೆಯ ಮೇಸ್ತ್ರಿ ಇದ್ದಿದ್ದರೆ ನೋಡಬೇಕಿತ್ತು ಎಂದುಕೊಂಡರು.

ಆ ಉತ್ತರ ಕೃತಿಕಾಳ ಕಿವಿಗೆ ಬೀಳಲಿಲ್ಲ. ಅವಳು ಫೋನು ಹಚ್ಚಿ ತನ್ನ ಮೇಷ್ಟ್ರ ಹತ್ತಿರ ಮಾತಾಡುತ್ತಿದ್ದಳು. "ಹೌದು ಸರ್, ಕೆಳಗಿನ ಪದರ. ಮೊದಲನೇ ಚೀಲ. ಇಲ್ಲ ಸರ್, ಒಂದು ಹಲ್ಲಿಲ್ಲ, ಒಂದು ದವಡೆ ಚೂರಿಲ್ಲ. ನಾನೂ ಇದರ ಮೇಲೇ ಆಸೆ ಇಟ್ಕೊಂಡಿದ್ದೆ. ಖಾಲಿ ಅಂತ ಬರ್ಕೊಂಡು ಎರಡನೇ ಚೀಲಕ್ಕೆ ಹೋಗ್ತೀನಿ ಸರ್."

ತುಂಗಮ್ಮ ಎರಡನೆಯ ಚೀಲದ ಮರಳು ಹರಡುತ್ತಿದ್ದರು. ಮಾತು ಕಿವಿಗೆ ಬಿದ್ದರೆ ಬಿಡದೆ ಕೇಳುವುದು ಅವರ ಅಭ್ಯಾಸ. ಹಲ್ಲು ಅಂದಳು. ದವಡೆ ಅಂದಳು. ಅಕ್ಕಿಕಾಳಿನ ಉದ್ದದ ಆ ಬಾಚಣಿಗೆ ಅವರ ಕಣ್ಣ ಮುಂದೆ ಬಂತು. ಕಡ್ಡಿ ಹಿಡಿದ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು.

ವಿಮಲಮ್ಮನೂ ಕೇಳಿಸಿಕೊಂಡಿದ್ದರು. ಮುಂದಕ್ಕೆ ಬಾಗಿ ಪಿಸುಗುಟ್ಟಿದರು: "ಸುಮ್ನಿರು ತುಂಗಮ್ಮ. ಹೋದದ್ದು ಹೋಯ್ತು. ಬಾಯಿ ಬಿಟ್ರೆ ಸಾವ್ಕಾರ್ರು ನಾಳೇನೇ ಮೆಷಿನ್ ತರ್ತಾರೆ. ನಿನ್ನ ಕೈ ಬಿದ್ದುಹೋಯ್ತು ಅಂತಾರೆ ಊರವ್ರೆಲ್ಲ."

ಅದು ಸುಳ್ಳಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮರಳು ಖಾಲಿಯಿತ್ತು, ಮುಗಿಯಿತು. ಆದರೆ ಕೃತಿಕಾ ಪುಸ್ತಕ ತೆರೆದು ಪೆನ್ನಿನ ಟೋಪಿ ತೆಗೆಯುತ್ತಿದ್ದಳು. ಖಾಲಿ ಎಂದು ಅವಳು ಬರೆಯುವುದು ತುಂಗಮ್ಮನ ಕೈಯನ್ನು ನಂಬಿ. ನಲವತ್ತೆಂಟು ವರ್ಷದಲ್ಲಿ ವಾಪಸ್ ಬರಬೇಕಾಗಿದ್ದ ಚೀಲ ಇದೊಂದೇ, ಇದನ್ನು ವಾಪಸ್ ಕಳಿಸುವವರು ಯಾರೂ ಇಲ್ಲ. ತಾನೇ ಕಳಿಸಬೇಕು.

"ಪುಟ್ಟಿ, ಬರೀಬೇಡ."

"ಯಾಕಜ್ಜಿ?"

"ಖಾಲಿ ಇರ್ಲಿಲ್ಲ. ಇತ್ತು. ನಾನು ತೆಗೆದೆ. ತೆಗೆದದ್ದು ಬೇಡದ್ದು ಅಂದ್ಕೊಂಡೆ. ಗೊಬ್ಬರದ ಗುಂಡಿಗೆ ಹಾಕಿದೀನಿ, ಮೂರು ದಿನದ್ದೂ. ಅದ್ರಲ್ಲಿ ಒಂದಿತ್ತು, ಬಾಚಣಿಗೆ ಥರದ್ದು. ನನ್ನ ಕಣ್ಣಿಗೆ ಕಟ್ಟಿದಂಗಿದೆ."

ಕೃತಿಕಾ ಪೆನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. ಬೈಯುತ್ತಾಳೆಂದು ತುಂಗಮ್ಮ ಕಾದರು. ಬೈದಿದ್ದರೆ ಒಳ್ಳೆಯದಿತ್ತು.

"ಉದ್ದ ಎಷ್ಟಿತ್ತು?"

"ಅಕ್ಕಿಕಾಳಿನಷ್ಟು."

"ಮೊನೆಗಳು ಎಲ್ಲಿದ್ವು? ಪಕ್ಕದಲ್ಲಾ, ಮೇಲ್ಗಡೆನಾ?"

"ಮೇಲೇ. ನೆತ್ತಿ ಮೇಲೆ, ಗರಗಸದ ಹಾಗೆ."

ಕೃತಿಕಾ ಎದ್ದು ನಿಂತಳು. "ತಪ್ಪು ನಂದು ಅಜ್ಜಿ. ತೆಗೆದದ್ದನ್ನ ಇಟ್ಕೊಳ್ಳಿ ಅಂತ ಬಾಯಿಬಿಟ್ಟು ಹೇಳ್ಬೇಕು ಅಂತಾನೇ ನಂಗೆ ಹೊಳೀಲಿಲ್ಲ. ಕಾಫಿ ಮನೇಲಿ ಹುಟ್ಟಿ ಬೆಳೆದವಳು ನಾನು. ಹೊಳೀಬೇಕಿತ್ತು."

ಅಷ್ಟರಲ್ಲಿ ಜಯದೇವಪ್ಪ ಬಂದರು. ವಿಷಯ ಕೇಳಿ ತಲೆ ಕೆರೆದುಕೊಂಡರು. ಗುಂಡಿಯ ಗೊಬ್ಬರವೆಲ್ಲ ಅತ್ತಿಗುಂಡಿ ಊರಿನ ನಾಗೇಶನಿಗೆ ಹೋಗಬೇಕು, ಅವನ ಪಿಕಪ್ಪು ಮರುದಿನ ಬೆಳಿಗ್ಗೆಯೇ ಬರುವುದಿತ್ತು. ಅಲ್ಲೇ ನಿಂತು ಫೋನು ಮಾಡಿದರು.

"ನಾಗೇಶ, ಎರಡು ದಿನ ತಡಿ ಮಾರಾಯ. ಗೊಬ್ಬರದಲ್ಲಿ ಮಗಳ ಹಲ್ಲು ಬಿದ್ದುಹೋಗಿದೆ."

"ಅಯ್ಯೋ, ಹೆಂಗೆ ಬಿತ್ತು? ಪೆಟ್ಟಾಯ್ತಾ?"

"ಅವಳ ಬಾಯಿದಲ್ಲ ಮಾರಾಯ, ಚೀಲದ್ದು. ನೀನು ನಾಳಿದ್ದು ಸಾಯಂಕಾಲ ಬಾ, ಹೇಳ್ತೀನಿ."

ಫೋನಿಟ್ಟು ತುಂಗಮ್ಮನ ಕಡೆ ತಿರುಗಿದರು. "ನೀವು ಯಾವ ಮೂಲೆಗೆ ಸುರೀತೀರಿ ತುಂಗಮ್ಮ?"

"ಹಲಸಿನ ಬೇರಿನ ಪಕ್ಕ. ಯಾವಾಗ್ಲೂ ಅಲ್ಲೇ."

ಮರುದಿನ ಬೆಳಿಗ್ಗೆಯೇ ಆ ಮೂಲೆಯ ಗೊಬ್ಬರವನ್ನು ಬುಟ್ಟಿ ಬುಟ್ಟಿಯಾಗಿ ಎತ್ತಿ ತಂದರು. ಗೋದಾವರಿಯ ಜೇಡಿ ತೊಳೆಯಲು ಕೃತಿಕಾ ಕೊಂಡೊಯ್ದಿದ್ದ ಸಣ್ಣ ಕಣ್ಣಿನ ಜರಡಿಗಳು ಜೀಪಿನಿಂದ ಇಳಿದವು. ಅಂಗಳದ ತೊಟ್ಟಿಯ ಪಕ್ಕ ಕೂತು ಮೂವರು ಹೆಂಗಸರೂ ತೊಳೆಯತೊಡಗಿದರು. ಹೊಟ್ಟು ತೇಲಿಹೋಗುತ್ತಿತ್ತು, ಭಾರದ್ದು ಜರಡಿಯಲ್ಲಿ ಉಳಿಯುತ್ತಿತ್ತು. ಅದನ್ನು ಬಿಳಿ ಪಂಚೆಯ ಮೇಲೆ ಒಣಗಲು ಹರಡಿ, ಒಣಗಿದ್ದನ್ನು ಮತ್ತೆ ತಟ್ಟೆಗೆ ಹಾಕಿ ಆರಿಸುವುದು. ಆಗ ಕೈಯಲ್ಲಿ ಕೆಲಸ, ಬಾಯಲ್ಲಿ ಮಾತು.

"ಯಾವುದರ ಹಲ್ಲು ಪುಟ್ಟಿ ಅದು?"

"ಹಲ್ಲಿ ಜಾತಿದು ಅಂತ ಕಾಣುತ್ತೆ ಅಜ್ಜಿ. ಹದಿನೇಳು ಕೋಟಿ ವರ್ಷದ ಹಿಂದಿಂದು. ಅದಕ್ಕೂ ಹಳೇದಿದ್ರೂ ಇರ್ಬೋದು."

"ಆ ಕಾಲದಲ್ಲಿ ಮನೆಯಷ್ಟು ದೊಡ್ಡ ಪ್ರಾಣಿ ಇದ್ವು ಅಂತ ಟೀವೀಲಿ ತೋರಿಸ್ತಾರಲ್ಲ?" ಎಂದರು ವಿಮಲಮ್ಮ.

"ಇದ್ವು. ಅದೇ ಸೀಮೇಲಿ ಸಿಕ್ಕಿವೆ. ಉದ್ದ ಕುತ್ತಿಗೆ, ಸೊಪ್ಪು ತಿನ್ನೋದು. ತೊಡೆ ಮೂಳೆ ಒಂದೇ ನಮ್ಮ ಅಪ್ಪನಷ್ಟು ಎತ್ತರ. ಎಲ್ರೂ ಅದನ್ನೇ ನೋಡ್ತಾರೆ. ಅದರ ಕಾಲ ಕೆಳಗೆ ಓಡಾಡಿಕೊಂಡಿದ್ದ ಸಣ್ಣದನ್ನ ಹುಡುಕೋರು ಕಡಿಮೆ."

"ನಮ್ಮ ಬಾಬಾಬುಡನ್‌ಗಿರೀಲಿ ಹುಡುಕಿದ್ರೆ ಆಗಲ್ವಾ? ಗೋದಾವರಿಗೆ ಯಾಕೆ ಹೋಗ್ಬೇಕಿತ್ತು ಜ್ವರ ತರ್ಸ್ಕೊಳ್ಳೋಕೆ?" ಎಂದು ತುಂಗಮ್ಮ ಕೇಳಿದರು.

"ನಮ್ಮ ಗಿರಿ ಕಲ್ಲು ಇನ್ನೂ ಹಳೇದು ಅಜ್ಜಿ. ಅದು ಆದಾಗ ಮೂಳೆ ಇರೋ ಪ್ರಾಣೀನೇ ಹುಟ್ಟಿರ್ಲಿಲ್ಲ."

ಹಾಗಾದರೆ ಮೊದಲು ಗಿರಿ, ಆಮೇಲೆ ಮೂಳೆ, ಆಮೇಲೆ ನಾವು ಎಂದು ತುಂಗಮ್ಮ ಮನಸ್ಸಿನಲ್ಲೇ ಸಾಲು ಹಚ್ಚಿಕೊಂಡರು. ಕೃತಿಕಾ ಒದ್ದೆ ನೆಲದ ಮೇಲೆ ಐದಾರು ಹಲಸಿನೆಲೆಗಳನ್ನು ಅಂಚಿಗೆ ಅಂಚು ಸೇರಿಸಿ ಇಟ್ಟು ತೋರಿಸಿದಳು. ಇದು ಆಫ್ರಿಕಾ, ಇದು ಮಡಗಾಸ್ಕರ್, ಇದು ದಕ್ಷಿಣ ಅಮೆರಿಕ, ಇದು ಈಗ ಹಿಮ ಮುಚ್ಚಿರುವ ಅಂಟಾರ್ಕ್ಟಿಕಾ, ಇದು ಆಸ್ಟ್ರೇಲಿಯಾ, ನಡುವೆ ಸಿಕ್ಕಿಕೊಂಡಿರುವುದು ನಮ್ಮದು. ಆಗ ಎಲ್ಲ ಒಂದೇ ನೆಲ. ಅಲ್ಲಿಂದ ಇಲ್ಲಿಗೆ ಪ್ರಾಣಿಗಳು ಕಾಲಲ್ಲೇ ನಡೆದು ಬರುತ್ತಿದ್ದವು.

"ಒಟ್ಟು ಕುಟುಂಬ," ಎಂದರು ತುಂಗಮ್ಮ. "ಆಮೇಲೆ ಪಾಲಾಯ್ತು."

"ಪಾಲಾಗಿ ದೂರ ಹೋದ್ಮೇಲೆ ಒಂದೊಂದು ಕಡೆ ಒಂದೊಂದು ಥರ ಬೆಳೆದ್ವು. ಅಲ್ಲಿ ಉಳಿದದ್ದು ಇಲ್ಲಿ ಇಲ್ಲ, ಇಲ್ಲಿ ಉಳಿದದ್ದು ಅಲ್ಲಿ ಇಲ್ಲ."

ಮೊದಲ ದಿನ ಸಂಜೆಯ ಹೊತ್ತಿಗೆ ಸಣ್ಣ ಹಲ್ಲುಗಳು, ಮೀನಿನ ಹುರುಪೆಗಳು, ಮೂಳೆಯ ಚೂರುಗಳು ಒಂದು ಚಹಾ ಚಮಚದಷ್ಟು ಮರಳಿ ಸಿಕ್ಕಿದವು. ಬಾಚಣಿಗೆ ಸಿಗಲಿಲ್ಲ. ತುಂಗಮ್ಮ ಮನೆಗೆ ಹೋಗಿ ಸರಿಯಾಗಿ ಊಟ ಮಾಡಲಿಲ್ಲ.

ಮಾರನೆಯ ದಿನ ಹತ್ತು ಗಂಟೆಗೆ ವಿಮಲಮ್ಮ ಕೂಗಿದರು. "ಸಿಕ್ತು! ಬಾಚಣಿಗೆ!"

ಕೃತಿಕಾ ಓಡಿಬಂದು ಲೆನ್ಸಿನಲ್ಲಿ ನೋಡಿದಳು. ಸಾಲು ಹಲ್ಲು, ನೆತ್ತಿಯ ಮೇಲೆಯೇ. ಅವಳ ಮುಖ ಅರಳಿತು. ತುಂಗಮ್ಮ ಅದನ್ನು ಅಂಗೈಗೆ ಹಾಕಿಕೊಂಡು ಒಂದು ಸಲ ಉರುಳಿಸಿದರು.

"ಇದು ನಂದಲ್ಲ."

"ಅಲ್ಲ ಅಂದ್ರೆ?" ಎಂದರು ವಿಮಲಮ್ಮ. "ಬಾಚಣಿಗೆ ಹಾಗೇ ಇದೆಯಲ್ಲ. ಸಿಕ್ಕಿದ್ದು ಬಿಟ್ಟು ಇನ್ನೇನು ಬೇಕು ನಿಂಗೆ?"

"ಬಿಳುಪಿದೆ. ನಾನು ತೆಗೆದದ್ದು ಕಪ್ಪು. ಮತ್ತೆ ಇದು ಹಗುರ, ನೀರಿಗೆ ಹಾಕಿದ್ರೆ ತೇಲೋ ಬೀಜ ಇರ್ತದಲ್ಲ, ಆ ಥರ. ಅದು ಹಿಂಗಿರ್ಲಿಲ್ಲ. ಕಲ್ಲಿನ ತೂಕ ಇತ್ತು."

ಕೃತಿಕಾ ಮತ್ತೆ ನೋಡಿದಳು. ನಿಧಾನವಾಗಿ ತಲೆಯಾಡಿಸಿದಳು. "ಅಜ್ಜಿ ಹೇಳಿದ್ದು ಸರಿ. ಇದು ಓತಿಕ್ಯಾತದ್ದು. ಹೋದ ವರ್ಷವೋ ಏನೋ ಇಲ್ಲೇ ಸತ್ತಿರೋದು." ಬಿಸಾಡಲು ಹೋದ ವಿಮಲಮ್ಮನ ಕೈ ಹಿಡಿದಳು. "ಇರ್ಲಿ ವಿಮಲಮ್ಮ. ಬೇಕು."

ಮಧ್ಯಾಹ್ನ ಮೂರು ದಾಟಿತ್ತು. ಹಲಸಿನ ಬೇರಿನ ಪಕ್ಕದ ಕೊನೆಯ ಬುಟ್ಟಿ. ಒಣಗಿದ ಪುಡಿಯನ್ನು ತುಂಗಮ್ಮ ತಟ್ಟೆಗೆ ಹರಡಿಕೊಂಡರು. ಎರಡು ದಿನದಿಂದ ಕಣ್ಣು ಅಗಲಿಸಿ ಹುಡುಕಿ ಹುಡುಕಿ ನೀರು ಸುರಿಯುತ್ತಿತ್ತು. ಹುಡುಕಬಾರದು ಎಂದು ಅವರಿಗೆ ಅಷ್ಟು ಹೊತ್ತಿಗೆ ನೆನಪಾಯಿತು. ಹುಡುಕುವ ಕಣ್ಣಿಗೆ ಏನೂ ಸಿಗುವುದಿಲ್ಲ. ಸುಮ್ಮನೆ ಕಣ್ಣು ಹರಿಯಲು ಬಿಟ್ಟರು. ರಾತ್ರಿ ಸಾರಿಗೆ ನುಗ್ಗೆಸೊಪ್ಪು ಇದೆ, ಬೇಳೆ ಸ್ವಲ್ಪ ಹೆಚ್ಚು ಹಾಕಬೇಕು ಎಂದು ಯೋಚಿಸಿದರು. ಕಡ್ಡಿ ತಾನಾಗಿ ತಟ್ಟೆಯ ಎಡಮೂಲೆಗೆ ಹೋಗಿ ಮುಟ್ಟಿತು.

ಈ ಸಲ ಅವರು ಮುಖ ನೋಡಿದರು.

"ಪುಟ್ಟಿ," ಎಂದರು. ಕಡ್ಡಿಯನ್ನು ಹಾಗೇ ಅವಳ ಕಡೆಗೆ ಚಾಚಿದರು.

ಒಂದು ತುದಿ ಹೊಸದಾಗಿ ಮುರಿದಿತ್ತು, ಆದರೆ ಹನ್ನೊಂದು ಹಲ್ಲು ಸಾಲಿನಲ್ಲಿ ನಿಂತಿದ್ದವು. ಕೃತಿಕಾ ಅದನ್ನೂ ಬೆಳಗಿನ ಬಿಳಿಯದನ್ನೂ ಅಕ್ಕಪಕ್ಕ ಇಟ್ಟು ಮೈಕ್ರೋಸ್ಕೋಪಿನ ಕೆಳಗೆ ಜೋಡಿಸಿದಳು. ಬಹಳ ಹೊತ್ತು ನೋಡಿ, ಎದ್ದು ಸ್ಟೂಲನ್ನು ತುಂಗಮ್ಮನಿಗೆ ಬಿಟ್ಟಳು.

"ಒಂದು ಕಣ್ಣು ಮುಚ್ಕೊಳ್ಳಿ. ಕಾಣ್ತಾ? ಮನೆ ಹಲ್ಲಿಗೆ ಹಲ್ಲುಗಳು ದವಡೆಯ ಒಳಗೋಡೆಗೆ ಅಂಟಿಕೊಂಡಿರ್ತವೆ. ಓತಿಕ್ಯಾತಕ್ಕೆ ನೆತ್ತಿ ಮೇಲೆ, ಮೂಳೆಗೇ ಬೆಸೆದು. ಈ ಕರೀದೂ ಹಾಗೇ ಇದೆ ನೋಡಿ."

"ಹಂಗಾದ್ರೆ ಇದು ಓತಿಕ್ಯಾತದ ಮುತ್ತಜ್ಜಿ."

"ಇರ್ಬೋದು. ಹಲ್ಲಿ ಹಾಗೇ ಕಾಣೋ, ಆದ್ರೆ ಹಲ್ಲಿ ಅಲ್ಲದ ಇನ್ನೊಂದು ಪ್ರಾಣಿ ಇದೆ ಅಜ್ಜಿ. ಆಗ ನಮ್ಮಲ್ಲೂ ಇತ್ತು, ಈಗ ನ್ಯೂಜಿಲೆಂಡಲ್ಲಿ ಮಾತ್ರ ಉಳಿದಿದೆ. ಅದಕ್ಕೂ ಹಲ್ಲು ಹೀಗೇ. ಇದು ಇಬ್ಬರಲ್ಲಿ ಯಾರ ಕಡೆಯೋರು ಅಂತ ಈಗ್ಲೇ ಹೇಳೋಕಾಗಲ್ಲ. ಸ್ಕ್ಯಾನ್ ಮಾಡಿಸ್ಬೇಕು."

ಮೇಷ್ಟ್ರಿಗೆ ಫೋನು ಹೋಯಿತು. ಆ ಕಡೆಯಿಂದ ಬೈಗುಳವೂ ನಗುವೂ ಒಟ್ಟಿಗೆ ಕೇಳಿದವು. ಗೊಬ್ಬರದ ಗುಂಡಿಯಿಂದ ಬಂದ ದವಡೆಯನ್ನು ಎಲ್ಲರೂ ಸುಲಭಕ್ಕೆ ಒಪ್ಪುವುದಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆ ಎಂದರಂತೆ. ಕೃತಿಕಾ ಪುಸ್ತಕ ತೆರೆದು ತುಂಗಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಯಾವ ದಿನ ತೆಗೆದದ್ದು, ಎಲ್ಲಿ ಸುರಿದದ್ದು, ಬೇರೆ ಚೀಲ ಆಗ ಬಿಚ್ಚಿದ್ದರೇ, ಒಂದೊಂದನ್ನೂ ಕೇಳಿ ಬರೆದಳು. ಮೊದಲನೆಯ ಚೀಲದ ಮುಂದೆ ಖಾಲಿ ಎಂಬ ಮಾತು ಬೀಳಲಿಲ್ಲ.

"ನನ್ನ ತಪ್ಪೂ ಬರೆದ್ಯಾ?"

"ನಮ್ಮಿಬ್ಬರದೂ ಬರೆದಿದೀನಿ."

"ಬರೆದದ್ದು ಒಳ್ಳೇದಾಯ್ತು," ಎಂದರು ತುಂಗಮ್ಮ.

ಜಯದೇವಪ್ಪ ಮೈಕ್ರೋಸ್ಕೋಪಿನಲ್ಲಿ ಇಣುಕಿ ಎದ್ದರು. "ಎರಡು ದಿನ ಗೊಬ್ಬರ ತೊಳೆದು ಅಕ್ಕಿಕಾಳಷ್ಟು ಹುಡುಕಿದ್ರಲ್ಲ ತುಂಗಮ್ಮ. ಮೆಷಿನ್ನಿಗೆ ಇದು ಆಗ್ತಿತ್ತಾ?"

"ಮೆಷಿನ್ನು ಆಗಿದ್ರೆ ಗೊಬ್ಬರಕ್ಕೆ ಹಾಕ್ತಿರ್ಲಿಲ್ಲ ಬಿಡಿ ಸಾವ್ಕಾರ್ರೆ," ಎಂದರು ವಿಮಲಮ್ಮ.

ಎಲ್ಲರೂ ನಕ್ಕರು. ತುಂಗಮ್ಮ ನಗಲಿಲ್ಲ, ಮುಖ ಮಾತ್ರ ಸಡಿಲವಾಯಿತು. ಮೆಷಿನ್ನು ತರುವ ಮಾತನ್ನು ಜಯದೇವಪ್ಪ ಆ ದಿನ ಎತ್ತಲಿಲ್ಲ. ಇನ್ನೂ ಮೂರು ಚೀಲ ಉಳಿದಿದ್ದವು. ಮೇಜು ಅಲ್ಲೇ ಇತ್ತು. ಸಂಜೆ ಪಿಕಪ್ಪು ತಂದ ನಾಗೇಶ, ತೊಳೆದ ಗೊಬ್ಬರದಲ್ಲಿ ಸತ್ವ ಎಲ್ಲಿ ಉಳೀತು ಎಂದು ಗೊಣಗುತ್ತಲೇ ಹೇರಿಕೊಂಡು ಹೋದ.

ತುಂಗಮ್ಮ ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಸೊಸೆ ಶಿಲ್ಪಾ ನುಗ್ಗೆಸೊಪ್ಪು ಬಿಡಿಸಿಟ್ಟಿದ್ದಳು. ತುಂಗಮ್ಮ ಕೈಕಾಲು ತೊಳೆದು, ಮೊರಕ್ಕೆ ಎರಡು ಪಾವು ಅಕ್ಕಿ ಹಾಕಿಕೊಂಡು ಬಾಗಿಲ ಬೆಳಕಿಗೆ ಕೂತರು. ನೆಲ್ಲು, ಕಲ್ಲು, ಒಂದೆರಡು ಕಪ್ಪು ಕಾಳು. ಬೆರಳು ಎಳೆದು ತೆಗೆಯಿತು. ಅಂಗಳಕ್ಕೆ ಎಸೆಯುವ ಬದಲು ಪಕ್ಕದಲ್ಲಿದ್ದ ಬಟ್ಟಲಿಗೆ ಹಾಕಿದರು.

"ಕಲ್ಲು ಯಾಕತ್ತೆ ಇಟ್ಕೊಳ್ತಾ ಇದ್ದೀರಿ?"

"ಆರಿಸಿ ಮುಗೀಲಿ. ಒಂದ್ಸಲ ನೋಡಿ ಎಸೀತೀನಿ."

ಮುಗಿಯಿತು. ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರು. ಕಲ್ಲೇ. ಅಂಗಳಕ್ಕೆ ಚೆಲ್ಲಿದರು. ಮೊರ ಎರಡು ಸಲ ಕೇರಿ, ಅಕ್ಕಿಯನ್ನು ಪಾತ್ರೆಗೆ ಸುರಿದು, ಮೂರು ನೀರು ತೊಳೆದು ಒಲೆಯ ಮೇಲಿಟ್ಟರು.